ಬಾಣಂತಿಗೆ ಮೊರಿ

ಮೀನುಗಾರರ ಮನೆಗೆ ಮೀನು ಹೊತ್ತುಕೊಂಡು ಹೋದ ಹೆಂಗಸು ಅಂಕೋಲೆ ತಾಲೂಕಿನಲ್ಲಿ ಬಹುಶಃ ನಾನೊಬ್ಬಳೇ. ಅದೂ ಕಾರವಾರದ ಪೇಟೆಯಲ್ಲಿ ಕೊಂಡು, ಬಸ್ಸಿನಲ್ಲಿ ಕಾಲಬುಡದಲ್ಲಿ ಇಟ್ಟುಕೊಂಡು, ಪಕ್ಕದ ಸೀಟಿನವರು ಮೂಗಿಗೆ ಕರವಸ್ತ್ರ ಹಿಡಿದರೂ ಕಾಣದವಳ ಹಾಗೆ ಕೂತು. ಯಾಕೆ ಒಯ್ದೆ ಎಂದು ಹೇಳಬೇಕಾದರೆ ನಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕು. ತಪ್ಪು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ನಮ್ಮ ಕಚೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ.

ನನ್ನ ಕೆಲಸ ಕಾರವಾರದಲ್ಲಿ. ಜನ ತಿನ್ನುವುದರಲ್ಲಿ ಏನು ಅಪಾಯವಿದೆ, ಎಷ್ಟು ತಿಂದರೆ ಅಪಾಯ, ಅದರಿಂದ ಲಾಭವೇನು ಎಂದು ನೋಡಿ ವರದಿ ಬರೆಯುವುದು. ಎಣ್ಣೆ, ಹಾಲು, ಉಪ್ಪಿನಕಾಯಿ, ಒಣಮೀನು, ಎಲ್ಲವೂ ನನ್ನ ಮೇಜಿಗೆ ಕಾಗದವಾಗಿ ಬರುತ್ತವೆ. ಇರುವುದು ಅಂಕೋಲೆಯಲ್ಲಿ, ಬಾಡಿಗೆಮನೆಯಲ್ಲಿ, ಒಬ್ಬಳೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಅವರು ಕೇಳುತ್ತಿದ್ದಾಗ ಮೈ ಉರಿಯುತ್ತಿತ್ತು. ಕೇಳುವುದನ್ನು ಬಿಟ್ಟ ಮೇಲೆ ಗೊತ್ತಾಯಿತು, ಅದೂ ಒಂದು ಮಾತುಕತೆಯಾಗಿತ್ತು ಎಂದು.

ಬೆಳಿಗ್ಗೆ ಏಳೂವರೆಗೆ ನಮ್ಮ ಗೇಟಿಗೆ ಮೀನಿನವಳು ಬರುತ್ತಿದ್ದಳು. ಬೇಲೆಕೇರಿಯವಳು. ಗಂಡ ಸಮುದ್ರಕ್ಕೆ ಹೋಗುತ್ತಾನೆ, ಇವಳು ಬುಟ್ಟಿ ಹೊತ್ತು ಟೆಂಪೊದಲ್ಲಿ ಅಂಕೋಲೆಗೆ ಬಂದು ಕೇರಿ ಕೇರಿ ತಿರುಗುತ್ತಾಳೆ. ಹನ್ನೊಂದು ವರ್ಷದಿಂದ ನನಗೆ ಅವಳದೇ ಮೀನು. ಮೆಟ್ಟಿಲ ಮೇಲೆ ಕೂತು ಬಂಗಡೆಯ ಹೊಟ್ಟೆ ಸೀಳುತ್ತ, ಪಕ್ಕದ ಮನೆಯ ಬೆಕ್ಕನ್ನು ಬೈಯುತ್ತ, ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನನಗಿಂತ ಎರಡು ಮೂರು ವರ್ಷಕ್ಕೆ ಸಣ್ಣವಳು. ನಾನು ಅವಳಿಗೆ ಮಾರಾಯ್ತಿ ಎನ್ನುತ್ತೇನೆ, ಅವಳು ನನಗೆ ಅಕ್ಕೋರೆ ಎನ್ನುತ್ತಾಳೆ. ಶಾಲೆ ಕಲಿಸುವವರಿಗೆ ಹಾಗೆ ಕರೆಯುವುದು ನಮ್ಮಲ್ಲಿ. ನಾನು ಶಾಲೆಯವಳಲ್ಲ ಎಂದು ಎಷ್ಟು ಸಲ ಹೇಳಿದರೂ, "ಕನ್ನಡಕ ಹಾಕಂಡು ಬೈಯ್ಯೋರೆಲ್ಲ ಅಕ್ಕೋರೇಯ" ಎಂದು ನಗುತ್ತಿದ್ದಳು.

ಹೋಗುವ ಮುಂಚೆ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. "ನಿನ್ನೆ ಎಂತಾ ಮಾಡಿದ್ರಿ?" ಅಂದರೆ ನಿನ್ನೆ ಕೊಟ್ಟ ಮೀನಿಗೆ ಏನು ಅಡುಗೆ ಮಾಡಿದಿರಿ, ತಿಂದಿರಾ, ಇಲ್ಲ ಫ್ರಿಜ್ಜಿನಲ್ಲೇ ಇಟ್ಟಿರಾ ಎಂದು. ಜಿಲ್ಲೆಯ ಜನ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಪುಟಗಟ್ಟಲೆ ಬರೆಯುವವಳು ನಾನು. ನಾನು ಏನು ತಿಂದೆ ಎಂದು ಕೇಳುವವಳು ಅವಳೊಬ್ಬಳೇ. ಒಮ್ಮೊಮ್ಮೆ ಮಾಡದೇ ಇದ್ದರೂ ಸಾರು ಮಾಡಿದೆ ಎಂದು ಸುಳ್ಳು ಹೇಳಿದ್ದೇನೆ. ಮಜ್ಜಿಗೆ ಅನ್ನ ಉಂಡು ಮಲಗಿದೆ ಎಂದರೆ ಅವಳಿಗೆ ಬೇಸರವಾಗುತ್ತಿತ್ತು.

ಮಳೆಗಾಲ ಕಳೆದು ದೋಣಿಗಳು ಮತ್ತೆ ಸಮುದ್ರಕ್ಕಿಳಿದ ಸ್ವಲ್ಪ ದಿನಕ್ಕೆ ಅವಳ ಮಗಳಿಗೆ ಹೆರಿಗೆಯಾಯಿತು. ಮಗಳನ್ನು ಕದ್ವಾಡಕ್ಕೆ ಕೊಟ್ಟಿದ್ದರು, ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಮೊಮ್ಮಗಳು ಹುಟ್ಟಿದ ನಾಲ್ಕನೆಯ ದಿನವೋ ಐದನೆಯ ದಿನವೋ ಮೀನಿನವಳು ಮುಖ ಅರಳಿಸಿಕೊಂಡು ಬಂದಳು. ಬುಟ್ಟಿಯ ತಳದಲ್ಲಿ ಬಾಳೆ ಎಲೆ ಸರಿಸಿ ತೋರಿಸಿದಳು. ಮೊಳದುದ್ದದ ಎರಡು ಮೊರಿ. ಮೊರಿ ಎಂದರೆ ಶಾರ್ಕ್ ಮೀನಿನ ಮರಿ, ಬೂದು ಬಣ್ಣ, ಒರಟು ಚರ್ಮ.

"ಇದು ಕೊಡೂಕಲ್ಲ ಅಕ್ಕೋರೆ, ತೋರ್ಸೂಕೆ ತಂದೆ. ಪೇಟೆಲಿ ಸಿಕ್ತು. ಮಗಳಿಗೆ," ಎಂದಳು.

ನನಗೆ ಗೊತ್ತಿಲ್ಲದ್ದಲ್ಲ. ಈ ಕರಾವಳಿಯಲ್ಲಿ ಬಾಣಂತಿಗೆ ಮೊರಿ ಸಾರು ಕೊಡದ ಮನೆಯಿಲ್ಲ. ಎದೆಹಾಲು ಇಳಿಯುತ್ತದೆ ಎಂದು ನಂಬಿಕೆ. ಶೆಟಗೇರಿಯ ನಮ್ಮ ಮನೆಯಲ್ಲಿ ಅತ್ತಿಗೆಯ ಬಾಣಂತನವಾದಾಗ ಬೆಳ್ಳುಳ್ಳಿ, ಕಾಳುಮೆಣಸು ಅರೆದು ಹಾಕಿದ ಆ ಸಾರಿನ ಪರಿಮಳ ಕೋಣೆಯ ಬಾಗಿಲ ಸಂದಿಯಿಂದ ಬರುತ್ತಿತ್ತು. ಒಂದು ಹನಿ ಕೊಡು ಎಂದು ಅಮ್ಮನ ಸೆರಗು ಹಿಡಿದು ಪೀಡಿಸಿದ್ದೆ. "ಅದು ಬಾಣಂತಿ ಪಾಲು, ನಿನ್ನ ಪಾಳಿ ಬಂದಾಗ ತಿನ್ನುವೆಯಂತೆ," ಎಂದು ಅಮ್ಮ ಕೈ ಬಿಡಿಸಿಕೊಂಡಿದ್ದಳು. ಆಗ ನನಗೆ ಹದಿನಾಲ್ಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಬಾಯಿ ತೆರೆದೆ. "ಮೊರಿ ಕೊಡಬೇಡ ಮಾರಾಯ್ತಿ."

"ಎಂತಕೆ?"

ಎಂತಕೆ ಎಂದು ಕೇಳಿದರೆ ಮುಗಿಯಿತು, ನಾನು ಭಾಷಣ ಶುರು ಮಾಡುವವಳು. ಸಮುದ್ರದಲ್ಲಿ ಪಾದರಸ ಸೇರಿದೆ, ಸಣ್ಣ ಮೀನಿನ ಮೈಯಲ್ಲಿ ಚೂರು ಇರುತ್ತದೆ, ಸಣ್ಣದನ್ನು ತಿನ್ನುವ ದೊಡ್ಡ ಮೀನಿನಲ್ಲಿ ಜಾಸ್ತಿ, ಎಲ್ಲವನ್ನೂ ತಿನ್ನುವ ಶಾರ್ಕ್ ಜಾತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ, ಎಳೆ ಮಗುವಿನ ಮಿದುಳಿಗೆ ಅದು ಒಳ್ಳೆಯದಲ್ಲ ಎಂದು ಹೇಳಿದೆ.

"ಪಾದರಸ ಅಂದ್ರೆ ಜ್ವರ ನೋಡೂ ಕಡ್ಡಿಲಿ ಇರ್ತದಲ್ಲ, ಅದಾ?"

"ಅದೇ."

ಅವಳು ಬುಟ್ಟಿಯ ಕಡೆ ನೋಡಿದಳು. "ಹಾಲಲ್ಲಿ ಕೂಸಿಗೆ ಹೋಗ್ತದಾ?"

"ಹೋಗ್ತದೆ," ಎಂದೆ.

ಸ್ವಲ್ಪ ಹೋಗುತ್ತದೆ ಎನ್ನಬೇಕಿತ್ತು. ಆ ಸ್ವಲ್ಪವನ್ನು ನುಂಗಿಬಿಟ್ಟೆ. ಪುಸ್ತಕದಲ್ಲಿ ಬರೆದದ್ದು ಆಳುದ್ದದ ಶಾರ್ಕಿನ ಬಗ್ಗೆ. ನಮ್ಮ ಕಡಲಿನ ಮೊಳದುದ್ದದ ಮೊರಿಯಲ್ಲಿ ಎಷ್ಟಿದೆ ಎಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕಿಂತ ಬೇಡ ಎನ್ನುವುದು ಸಲೀಸು. ತಿಂದು ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ, ತಿನ್ನದೆ ಏನಾದರೂ ಆದರೆ ನನ್ನನ್ನು ಕೇಳುವವರು ಯಾರು? ಇಷ್ಟು ವರ್ಷ ಅಪಾಯ ಅಳೆಯುವ ಕೆಲಸ ಮಾಡಿ ನಾನು ಅವತ್ತು ಅಳೆದದ್ದು ನನ್ನ ಅಪಾಯವನ್ನು.

ಎರಡೂ ಮೊರಿಯನ್ನು ಅವಳು ಹಿಂದಿನ ಕೇರಿಯಲ್ಲಿ ಯಾರಿಗೋ ಕೊಟ್ಟು ಹೋದಳು. ನಾನು ಒಂದು ಮಗುವನ್ನು ಉಳಿಸಿದವಳ ಹಾಗೆ ಬೀಗುತ್ತ ಕಾರವಾರದ ಬಸ್ಸು ಹತ್ತಿದೆ.

ಅದಾದ ಮೇಲೆ ಅವಳ ಮಾತು ಕಡಿಮೆಯಾಯಿತು. ಬರುತ್ತಿದ್ದಳು, ಮೀನು ಕೊಡುತ್ತಿದ್ದಳು, ಮೆಟ್ಟಿಲ ಮೇಲೆ ಕೂರುತ್ತಿರಲಿಲ್ಲ. ಮಗು ಹೇಗಿದೆ ಎಂದರೆ "ಅಡ್ಡಿಲ್ಲ" ಎನ್ನುತ್ತಿದ್ದಳು. ನಮ್ಮ ಕಡೆ ಅಡ್ಡಿಲ್ಲ ಎಂದರೆ ಚೆನ್ನಾಗಿದೆ ಎಂದೂ ಆಯಿತು, ಹೇಳುವಂಥದ್ದೇನೂ ಇಲ್ಲ ಎಂದೂ ಆಯಿತು. ನಾನು ಚೆನ್ನಾಗಿದೆ ಎಂದೇ ಹಿಡಿದೆ. ಒಂದು ದಿನ ಅವಳು ಬರಲಿಲ್ಲ. ಮರುದಿನ ಹಿಂದಿನ ಕೇರಿಯಲ್ಲಿ ಅವಳ ಕೂಗು ಕೇಳಿತು. ಗೇಟಿಗೆ ಬಂದು ನಿಂತೆ. ನಮ್ಮ ಕೇರಿಗೆ ಬಂದಳು, ಎದುರಿನ ಮನೆಗೆ ಕೊಟ್ಟಳು, ನನ್ನ ಗೇಟು ದಾಟಿ ತಲೆ ತಿರುಗಿಸದೆ ಹೋದಳು.

ಸೊಕ್ಕು ನೋಡು ಎಂದು ಸಿಟ್ಟು ಬಂತು. ಹೋದರೆ ಹೋಗಲಿ, ಅಂಕೋಲೆಯಲ್ಲಿ ಮೀನಿಗೆ ಬರವೇ ಎಂದುಕೊಂಡೆ. ಆದರೆ ಮೀನುಪೇಟೆಗೆ ಹೋಗಲಿಲ್ಲ, ಮೊಟ್ಟೆ ತಂದೆ. ಎರಡು ವಾರ ಮೊಟ್ಟೆ ತಿಂದೆ. ರಜೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಬೆಕ್ಕು ಏಳೂವರೆಗೆ ಮೆಟ್ಟಿಲಿಗೆ ಬಂದು ಕೂತು ನನ್ನ ಮುಖ ನೋಡುತ್ತಿತ್ತು. ಅದಕ್ಕೂ ಬೈದೆ, ಆಮೇಲೆ ಅಯ್ಯೋ ಅನಿಸಿ ಹಾಲು ಹಾಕಿದೆ. ನಿನ್ನೆ ಎಂತಾ ಮಾಡಿದ್ರಿ ಎಂದು ಕೇಳುವವರಿಲ್ಲದ ಮೇಲೆ ನನಗೆ ಏನೂ ಮಾಡಬೇಕು ಅನಿಸುತ್ತಿರಲಿಲ್ಲ.

ಕೊನೆಗೆ ನಾನೇ ಸೋತೆ. ಒಂದು ಬೆಳಿಗ್ಗೆ ಕೇರಿಯ ತಿರುವಿನಲ್ಲಿ ಅಡ್ಡ ನಿಂತು, "ಏನಾಯ್ತು ನಿಂಗೆ? ನಾನೇನು ಮಾಡಿದೆ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಅವಳು ಬುಟ್ಟಿ ಇಳಿಸಿದಳು. "ಮಗಳಿಗೆ ಹಾಲಿಲ್ಲ ಅಕ್ಕೋರೆ. ಎದ್ರೆ ತಲೆ ತಿರುಗ್ತದೆ ಅಂತಾಳೆ. ಡಾಕ್ಟ್ರು ರಕ್ತ ಕಮ್ಮಿ ಅಂದ್ರು, ಹೊಟ್ಟೆಗೆ ಹಾಕೂದಿಲ್ವಾ ಅಂತ ನಂಗೇ ಬೈದ್ರು. ಕೂಸಿಗೆ ಡಬ್ಬಿ ಹಾಲು ಕೊಡ್ತಾ ಇದ್ವು."

"ಏನು ತಿಂತಾಳೆ ಅವಳು?"

"ಗಂಜಿ. ಮೆಣಸಿನ ಸಾರು. ಚೂರು ತುಪ್ಪ."

"ಮೀನು?"

"ನೀವೇ ಬೇಡ ಅಂದ್ರಲ್ಲ."

ನಾನು ಬೇಡ ಎಂದದ್ದು ಮೊರಿಗೆ ಮಾತ್ರ ಎಂದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಬೆರಳು ಮಡಚಿ ಹೇಳಿದಳು. ಬಾಣಂತಿಗೆ ಶೆಟ್ಲಿ, ಅಂದರೆ ಸಿಗಡಿ, ಕೊಡುವಂತಿಲ್ಲ, ಬಂಗಡೆ ಉಷ್ಣ, ತಾರ್ಲೆ, ಅಂದರೆ ಭೂತಾಯಿ ಮೀನು, ಜಿಡ್ಡು, ಏಡಿಯ ಹೆಸರು ಎತ್ತುವಂತಿಲ್ಲ. ಅವರ ಮನೆಯ ಪಥ್ಯದಲ್ಲಿ ಬಾಣಂತಿಗೆ ಆಗುವ ಮೀನು ಎರಡೇ, ಮೊರಿ ಮತ್ತು ನೊಗ್ಲಿ. ನೊಗ್ಲಿ ಬೆಳ್ಳಗಿನ ಹಗುರ ಮೀನು, ಸಿಕ್ಕರೆ ಹೋಟೆಲಿನವರೇ ಎತ್ತಿಕೊಂಡು ಹೋಗುತ್ತಾರೆ. ಮೊರಿಯನ್ನು ನಾನು ತೆಗೆದೆ. ಒಮ್ಮೆ ಸಿಕ್ಕಿದ ನೊಗ್ಲಿಯನ್ನು ಮಗಳೇ ಬೇಡ ಎಂದಳಂತೆ.

"ಹೆದ್ರಿಕೆ ಹೊಕ್ಕದೆ ಅವ್ಳಿಗೆ. ಸಮುದ್ರ ಒಂದೇ ಅಲ್ದಾ ಅಮ್ಮ, ಮೊರಿಲಿ ಇದ್ದದ್ದು ನೊಗ್ಲಿಲಿ ಇಲ್ದೇ ಇರ್ತದಾ ಅಂತ ಕೇಳ್ತಾಳೆ. ನಾ ಎಂತಾ ಹೇಳೂದು?"

"ಅದಕ್ಕೆ ನನ್ನ ಗೇಟಿಗೆ ಬರಲಿಲ್ವಾ?"

"ನಿಮ್ಮ ಮುಖ ನೋಡಿದ್ರೆ ಸಿಟ್ಟು ಬತ್ತದೆ. ಸಿಟ್ಟು ಮಾಡೂಕೂ ಆಗೂದಿಲ್ಲ, ನೀವು ಒಳ್ಳೇದಕ್ಕೇ ಹೇಳಿದ್ದು. ಅದ್ಕೆ ಬರೂದೇ ಬೇಡ ಅಂದ್ಕಂಡು ಬಿಟ್ಟೆ." ಬುಟ್ಟಿ ಎತ್ತಿಕೊಂಡು ಹೋದಳು.

ನಾನು ಕಚೇರಿಗೆ ಹೋಗಿ ಹಳೆಯ ತರಬೇತಿಯ ನೋಟುಬುಕ್ಕು ಹುಡುಕಿ ತೆಗೆದೆ. ಒಂದು ಆಹಾರ ಬೇಡ ಎನ್ನುವ ಮುಂಚೆ ಮೂರು ಕಾಲಂ ಬರೆಯಿರಿ ಎಂದು ಪಾಠ ಹೇಳಿದವರು ಹೇಳಿದ್ದರು. ಮೊದಲನೆಯದು ಅಪಾಯ, ಎರಡನೆಯದು ಲಾಭ. ಮೂರನೆಯ ಕಾಲಂನಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಇತ್ತು: ಅದನ್ನು ಬಿಟ್ಟರೆ ಬದಲಿಗೆ ಏನು ತಿನ್ನುತ್ತಾರೆ? ಅಡಿಗೆರೆ ಬೇರೆ ಎಳೆದಿದ್ದೆ. ನಾಚಿಕೆಯಾಯಿತು. ಹನ್ನೊಂದು ವರ್ಷ ಅವಳು ನನ್ನನ್ನು ದಿನವೂ ಕೇಳಿದ್ದು ಇದನ್ನೇ. ನಾನು ಅವಳನ್ನು ಒಂದು ದಿನ ಕೇಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ಕಾರವಾರಕ್ಕೆ ಹೋಗಿ ಮೀನುಪೇಟೆಯಲ್ಲಿ ಅರ್ಧ ತಾಸು ತಿರುಗಿ ನೊಗ್ಲಿ ಹುಡುಕಿದೆ. ಅಂಕೋಲೆಯ ಪೇಟೆಯಲ್ಲಿ ಕೊಂಡರೆ ಮೀನಿನವರೆಲ್ಲ ಅವಳ ಪೈಕಿಯವರು, ನಾನು ತಲುಪುವ ಮುಂಚೆ ಸುದ್ದಿ ತಲುಪುತ್ತಿತ್ತು. ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ ನೋಡಿ, ಬಲ್ಲವಳ ಹಾಗೆ ಆರಿಸಿದೆ. ಬಸ್ಸಿನಲ್ಲಿ ಬಂದು ಹೆದ್ದಾರಿಯಲ್ಲಿ ಇಳಿದು ರಿಕ್ಷಾ ಹಿಡಿದು ಅವಳ ಮನೆ ಕೇಳಿಕೊಂಡು ಹೋದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಅಂಗಳದಲ್ಲಿ ಬಲೆ ಹರವಿತ್ತು. ಮೀನಿನವಳ ಅತ್ತೆ, ಎಂಬತ್ತರ ಹತ್ತಿರದ ಮುದುಕಿ, ಜಗುಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಯಾರೆಂದು ಸೊಸೆ ಹೇಳಿದ್ದೇ, ಮುದುಕಿ ಸುಲಿಯುವುದನ್ನು ನಿಲ್ಲಿಸಿದಳು.

"ನೀನೇಯಾ ಮೊರಿ ಬೇಡ ಅಂದವ್ಳು? ನಾ ಐದು ಹಡ್ದೆ. ಐದೂ ಸಲ ಮೊರಿ ತಿಂದೆ. ಯಾರಿಗೆ ಎಂತಾ ಆಗ್ಯದೆ ತೋರ್ಸು ನೋಡ್ವಾ."

"ಅದು ಕಣ್ಣಿಗೆ ಕಾಣೂ ಹಂಗೆ ಆಗೂದಿಲ್ಲ ಅಮ್ಮ," ಎಂದೆ.

"ಹಾಲು ಬರದಿದ್ದದ್ದು ಕಾಣ್ತದಲ್ಲ."

ಚೀಲ ಅವಳ ಮುಂದಿಟ್ಟೆ. "ನಾ ಹೇಳಿದ್ದು ಅರ್ಧ. ಅರ್ಧ ಹೇಳಿದ್ದು ನನ್ನ ತಪ್ಪು. ನೊಗ್ಲಿ ತಂದಿದ್ದೆ."

ಮುದುಕಿ ಒಂದು ಮೀನೆತ್ತಿ ಮೂಸಿದಳು, ಬೆಳಕಿಗೆ ಹಿಡಿದಳು, ಆಮೇಲೆ ಮೊದಲ ಸಲ ನಕ್ಕಳು. ಬಾಯಲ್ಲಿ ಎರಡೇ ಹಲ್ಲು. "ಇದು ಐಸಿಂದು. ಎರಡು ದಿನದ್ದು. ಕಾರವಾರದೋರು ನಿಂಗೆ ಟೋಪಿ ಹಾಕಿದ್ರು." ಬಾಗಿಲಲ್ಲಿ ನಿಂತ ಮೀನಿನವಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೀನು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ಸರ್ಕಾರದ ಸಂಬಳ ತಿನ್ನುವವಳು ನಾನು. ಮುಖ ಎಲ್ಲಿಡಲಿ ಎನ್ನುವ ಹಾಗಾಯಿತು. "ಹಾಳಾಗಲಿಲ್ಲ, ಅಡ್ಡಿಲ್ಲ," ಎಂದು ಮುದುಕಿಯೇ ತೀರ್ಪು ಕೊಟ್ಟು ಮೀನನ್ನು ಒಳಗೆ ಕಳಿಸಿದಳು.

ಒಳಗಿನ ಕೋಣೆಯಲ್ಲಿ ಮಗಳು ಕಿವಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ತುಟಿಯಲ್ಲಿ ಬಣ್ಣವಿರಲಿಲ್ಲ. ಮಗು ಅವಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ನೆಲದ ಮೇಲೆ ಕೂತೆ.

"ನೊಗ್ಲಿಲಿ ಪಾದರಸ ಇಲ್ವಾ?" ಎಂದು ಅವಳೇ ಕೇಳಿದಳು.

"ಇದೆ. ಸ್ವಲ್ಪ. ಬಹಳ ಸ್ವಲ್ಪ." ಈ ಸಲ ಆ ಮಾತನ್ನು ನುಂಗಲಿಲ್ಲ, ಎರಡು ಸಲ ಹೇಳಿದೆ. "ನಿಂಗೂ ಮಗೂಗೂ ಬೇಕಾದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಇದೆ."

"ಎಷ್ಟು ಸ್ವಲ್ಪ?"

"ಈ ಮೀನಿನಲ್ಲಿ ಇಷ್ಟೇ ಅಂತ ನಂಗೆ ಗೊತ್ತಿಲ್ಲ ತಂಗಿ. ತಿಂದ್ರೆ ಏನಾದೀತು ಅನ್ನೂದು ಪುಸ್ತಕದಲ್ಲಿ ಇದೆ. ತಿನ್ನದೆ ಏನಾಗಿದೆ ಅನ್ನೂದು ನಂಗೆ ಇಲ್ಲೇ ಕಾಣ್ತಾ ಇದೆ. ನಿನ್ನ ಕಣ್ಣು ಬೆಳ್ಳಗೆ ಆಗಿದೆ. ತಾರ್ಲೆ ತಿನ್ನು, ಸೊಪ್ಪು ತಿನ್ನು, ಡಾಕ್ಟ್ರು ಕೊಟ್ಟ ಗುಳಿಗೆ ಬಿಡಬೇಡ. ಹೆದರಿಸಿದ್ದು ನಾನು, ಅದ್ಕೆ ನಾನೇ ಬಂದೆ."

ನೊಗ್ಲಿ ಬೆಂದ ಮೇಲೆ ಮುದುಕಿ ಅನ್ನ, ಸಾರು ತಂದಿಟ್ಟಳು. ತಾರ್ಲೆಯ ಮಾತಿಗೆ ಮುದುಕಿಯ ಮುಖ ಹುಳಿಯಾಗಿತ್ತು, ಆದರೆ ಜಗಳ ಮಾಡಲಿಲ್ಲ. ಹುಡುಗಿ ಮೀನಿನ ತುಂಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಳ್ಳು ಬಿಡಿಸಿ ಅನ್ನಕ್ಕೆ ಕಲಸಿ ಬಾಯಿಗಿಟ್ಟಳು. ಎರಡನೆಯ ತುತ್ತಿಗೆ ಮುದುಕಿ ಎದ್ದು ಹೋಗಿ ಬಾಗಿಲ ಆಚೆ ಮೂಗು ಸೀಟಿದ್ದು ಕೇಳಿತು. ನಾನು ಅಲ್ಲಿಂದ ಎದ್ದೆ. ಊಟ ಮಾಡುವವರನ್ನು ಹಾಗೆ ನೋಡುತ್ತ ಕೂರಬಾರದು.

ಹೊರಡಲು ಚಪ್ಪಲಿ ಹುಡುಕುತ್ತಿದ್ದಾಗ ಮೀನಿನವಳು ಕೈ ಹಿಡಿದಳು. "ಉಣ್ದೇ ಹೋಗೂದಾ? ಕೂರ್ರಿ." ಜಗುಲಿಯಲ್ಲಿ ಮಣೆ ಹಾಕಿ ತಟ್ಟೆ ಇಟ್ಟಳು. ಕುಚ್ಚಲಕ್ಕಿ ಅನ್ನ, ಉಪ್ಪಿನಲ್ಲಿಟ್ಟ ಮಾವಿನಮಿಡಿ. ಸಾರಿನ ಪಾತ್ರೆ ತಂದು ಮುಚ್ಚಳ ತೆಗೆದದ್ದೇ ನನಗೆ ಗೊತ್ತಾಯಿತು. ಬೆಳ್ಳುಳ್ಳಿ, ಕಾಳುಮೆಣಸು. ಹದಿನಾಲ್ಕರ ವಯಸ್ಸಿನಲ್ಲಿ ಬಾಗಿಲ ಸಂದಿಯಿಂದ ಬಂದ ಪರಿಮಳ.

"ಬೆಳಿಗ್ಗೆ ನಮ್ಮನೆಯವ್ರ ಬಲೆಲಿ ಒಂದು ಮೊರಿ ಬಂದಿತ್ತು," ಎಂದಳು. "ಅತ್ತೆಗೆ ತಡೀಲಿಲ್ಲ, ಮಾಡಿಟ್ರು. ಮಗಳು ಮುಟ್ಟೂದಿಲ್ಲ. ನಿಮಗೆ ಅಡ್ಡಿಲ್ಲ ಅಲ್ದಾ ಅಕ್ಕೋರೆ? ನಿಮ್ಮಿಂದ ಯಾರಿಗೂ ಹೋಗೂದಿಲ್ವಲ್ಲ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಕಲಿಸಿದ ಪಾಠವನ್ನೇ ಸರಿಯಾಗಿ ಕಲಿತು ಒಪ್ಪಿಸಿದ್ದಳು. ಯಾರು ಎಷ್ಟು ತಿನ್ನಬಹುದು ಎಂಬ ಪಟ್ಟಿಯಲ್ಲಿ ಬಸುರಿಯರದ್ದು ಒಂದು ಸಾಲು, ಹಾಲೂಡಿಸುವವರದ್ದು ಒಂದು, ಮಕ್ಕಳದ್ದು ಒಂದು. ಕೆಳಗೆ ಉಳಿದವರು ಎಂದು ಇರುತ್ತದೆ, ಅದರ ಎದುರು ವಿಶೇಷ ಎಚ್ಚರಿಕೆ ಏನೂ ಬೇಕಿಲ್ಲ ಎಂದು. ಆ ಸಾಲನ್ನು ನಾನೇ ಎಷ್ಟೋ ಸಲ ಟೈಪು ಮಾಡಿದ್ದೇನೆ. ಅದರಲ್ಲಿ ನಾನು ಕೂತಿದ್ದೇನೆ ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

"ಅಡ್ಡಿಲ್ಲ," ಎಂದೆ. ತಟ್ಟೆ ಮುಂದಕ್ಕೆ ಸರಿಸಿದೆ.

ಅವಳು ಎರಡು ದೊಡ್ಡ ತುಂಡು ಹಾಕಿ, ಮೇಲೆ ಸಾರು ಸುರಿದು, ಎದುರಿಗೆ ಕೂತಳು. ಒಂದು ತುತ್ತು ಬಾಯಿಗಿಟ್ಟೆ. ಅಷ್ಟು ರುಚಿ ಇರಬಾರದಿತ್ತು. ಕಣ್ಣು ತುಂಬಿ ತಟ್ಟೆ ಕಾಣದಾಯಿತು.

"ಮೆಣಸು ಜಾಸ್ತಿ ಆಯ್ತಾ?" ಎಂದು ಕೇಳಿದಳು.

"ಇಲ್ಲ. ಇನ್ನೂ ಸ್ವಲ್ಪ ಹಾಕು," ಎಂದೆ.

ಬಾಣಂತಿಯ ಪಾಲನ್ನು ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಹೊಟ್ಟೆ ತುಂಬ ತಿಂದೆ. ಒಳಗೆ ಮಗು ಎದ್ದು ಅಳತೊಡಗಿತ್ತು. ಅವಳು ಪಾತ್ರೆಯನ್ನು ನನ್ನ ಪಕ್ಕಕ್ಕೆ ಸರಿಸಿ, "ಬೇಕಾದಷ್ಟು ಹಾಕ್ಕಳ್ಳಿ," ಎಂದು ಎದ್ದು ಒಳಗೆ ಹೋದಳು.